ರೈಟರರ ಕಾಲಿಗೆ ಕಟ್ಟಿದ ತೊಟ್ಟಿಲು

ಮೆಣಸು ಕೀಳಿಸುವಾಗ ಏಣಿಯಿಂದ ಬಿದ್ದು ಮಂಡಿಚಿಪ್ಪು ಒಡೆದುಕೊಂಡ ಕಾಫಿ ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಚನ್ನಮಲ್ಲಪ್ಪನವರಿಗೆ ಒಳಗೊಳಗೇ ಖುಷಿ. ಆರು ವಾರ ಹಾಯಾಗಿ ನಿದ್ದೆ ಹೊಡೆಯಬಹುದಲ್ಲ! ಆದರೆ ಪಾದವೊಂದನ್ನು ಬಿಟ್ಟು ಇಡೀ ಕಾಲಿಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಸುಮ್ಮನೆ ಹೋಗಲಿಲ್ಲ.

"ಎಚ್ಚರ ಇರೋವಾಗೆಲ್ಲ ಪಾದ ಆಡಿಸ್ತಾ ಇರ್ಬೇಕು. ಇಲ್ದಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಎದೆಗೆ ಹತ್ತಿದ್ರೆ ಜೀವಕ್ಕೇ ಸಂಚಕಾರ."

ಹೆಂಡತಿ ಮಹಾದೇವಮ್ಮನವರು ಅವತ್ತೇ ಮಂಚದ ಪಕ್ಕ ಕಾವಲು ಕೂತರು. ರೈಟರರೋ, ನಾಲ್ಕು ಸಲ ಪಾದ ಆಡಿಸುವಷ್ಟರಲ್ಲಿ ಗೊರಕೆ! ಮೂರನೆಯ ದಿನ ಬೆಳಿಗ್ಗೆ ಆಕೆ ಬಾಣಂತಿ ಮಗಳ ಕೂಸಿನ ತೊಟ್ಟಿಲನ್ನು ಮಂಚದ ಬಳಿಯ ತೊಲೆಗೆ ತೂಗುಹಾಕಿಸಿ, ಹಗ್ಗವನ್ನು ಗಂಡನ ಪ್ಲಾಸ್ಟರ್ ಕಾಲಿನ ಹೆಬ್ಬೆರಳಿಗೆ ಕಟ್ಟಿಯೇಬಿಟ್ಟರು. ಅಕ್ಕಿ ಆರಿಸುತ್ತ ಕೂಸು ತೂಗುವ ಹೆಂಗಸರು ಮಾಡುವುದೂ ಹೀಗೆಯೇ.

"ನೀವು ನಿಲ್ಸಿದ್ರೆ ಕೂಸು ಅಳುತ್ತೆ. ಒಲೆ ಮುಂದೆ ಕೂತಿದ್ರೂ ನಂಗೆ ಗೊತ್ತಾಗುತ್ತೆ."

"ಲೇ, ನಾನು ರೈಟರ್ ಕಣೇ!"

"ಜೀವ ಇದ್ರೆ ತಾನೆ ರೈಟರ್ರು?"

ಕಾಫಿ ಪಿಕ್ಕಿಂಗಿಗೆ ಹೊರಟಿದ್ದ, ಕೂಲಿಯವರ ಲೈನುಮನೆಯ ಲಿಂಗಿ ಬಾಗಿಲಲ್ಲಿ ಇಣುಕಿದಳು. ಅವಳ ಮುಖ ಅರಳಿತು.

"ಅಯ್ಯಾ, ನನ್ ಕೂಸೂ ಇಲ್ಲೇ ಇರ್ಲಿ. ತೋಟಕ್ಕೆ ಕೂಸು ತರ್ಬ್ಯಾಡಿ ಅಂತ ತಾವೇ ಅಂದಿದ್ರಲ್ಲ."

ಸೀರೆಯ ಜೋಲಿಯೊಂದು ತೊಲೆಗೇರಿತು, ಅದರ ಹಗ್ಗ ಅದೇ ಹೆಬ್ಬೆರಳಿಗೆ ಬಂತು. ಹಿಂದೆಯೇ ಅದೇ ಲೈನಿನ ಸುಬ್ಬಿಯ ಕೂಸೂ ಬಂತು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಮೂರೂ ಒಟ್ಟಿಗೆ ಎದ್ದಾಗಂತೂ ಹಂಚು ಹಾರಿಹೋಗುವ ಹಾಗೆ ಕಿರುಚಾಟ.

ಪಕ್ಕದ ಮನೆಯ ಪದ್ಮಯ್ಯ ನೋಡಲು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ರೈಟರ್ರೇ, ಒಂದು ಜೋಗುಳಾನೂ ಆಗ್ಲಿ!"

"ಇಡೀ ಕೊಡಗು ಆಳೋ ಮಡಿಕೇರಿಯ ಚೀಫ್ ಕಮಿಷನರಿಗೂ ಇಷ್ಟು ಕೆಲ್ಸ ಇಲ್ಲ ಮಾರಾಯ," ಎಂದು ರೈಟರರು ಹಲ್ಲು ಕಡಿದರು. "ಸಂಜೆ ಡಾಕ್ಟರು ಬರ್ಲಿ. ಅವರ ಬಾಯಲ್ಲೇ ಹೇಳಿಸಿ ಈ ಹಗ್ಗ ಬಿಚ್ಚಿಸ್ತೀನಿ!"

ಆ ಒಂದೇ ಆಸೆಯಲ್ಲಿ ಅವರು ಸಂಜೆಯವರೆಗೂ ತೂಗಿದರು. ಲಿಂಗಿ ಕೂಸು ಕರೆದೊಯ್ಯಲು ಬರುವ ಹೊತ್ತಿಗೆ ಡಾಕ್ಟರೂ ಬಂದರು. ಪಾದ ಒತ್ತಿ, ಬೆರಳು ಮುಟ್ಟಿ, "ಭೇಷ್! ಊತ ಇಲ್ಲ, ಬೆಚ್ಚಗಿದೆ. ರಕ್ತ ಚೆನ್ನಾಗಿ ಓಡ್ತಿದೆ," ಎಂದರು.

"ಹಂಗಾದ್ರೆ ಹಗ್ಗ ಬಿಚ್ಚೋಕೆ ಹೇಳಿ ಸ್ವಾಮಿ!" ರೈಟರರು ಕೈ ಮುಗಿದರು.

ಡಾಕ್ಟರು ಇನ್ನೊಂದು ಕಾಲಿನ ಕಡೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಇದ್ಯಾಕೆ ಸುಮ್ನೆ ಬಿದ್ದಿದೆ? ಮಲಗೇ ಇರೋರಿಗೆ ನೆಟ್ಟಗಿರೋ ಕಾಲಲ್ಲೂ ರಕ್ತ ಹೆಪ್ಪುಗಟ್ಟಬಹುದು. ಇದನ್ನೂ ಆಡಿಸ್ಬೇಕು!"

ಮಹಾದೇವಮ್ಮ ತಡಮಾಡದೆ ಜಗಲಿಗೆ ಓಡಿದರು.

"ಲಿಂಗೀ, ನಿಮ್ ಲೈನಲ್ಲಿ ಇನ್ನೆಷ್ಟು ಕೂಸಿವೆಯೇ?"