ಕರಿ ಅಂಚಿನ ಹಸ್ತಾಕ್ಷರ

ಇಂಗ್ಲಿಷಿನಲ್ಲಿ ಕಾಗದ ಬರೆಯುವುದರಲ್ಲಿ, ಹಂಚಿನ ಕಾರ್ಖಾನೆಯ ಗುಮಾಸ್ತನಾದ ನನ್ನನ್ನು ಮೀರಿಸುವವರು ಮಂಗಳೂರಿನಲ್ಲಿ ಇಲ್ಲವೆಂದು ಐವತ್ತರ ದಶಕದ ಆ ದಿನಗಳಲ್ಲಿ ನನಗೆ ಖಚಿತವಾಗಿತ್ತು. ಪಕ್ಕದ ಮನೆಯ ಹಸನಬ್ಬನೂ ಹಾಗೆಯೇ ನಂಬಿದ್ದು ಅವನ ದುರದೃಷ್ಟ.

ಹಸನಬ್ಬನಿಗೆ ಬಂದರಿನಲ್ಲಿ ಹಗ್ಗದ ಅಂಗಡಿ. ಹಡಗಿನವನೊಬ್ಬ ಅಲ್ಲಿ ಬಿಟ್ಟುಹೋದ ಅಮೆರಿಕದ ಪತ್ರಿಕೆಯಲ್ಲಿ ನಿವೃತ್ತ ಬೇಸ್‌ಬಾಲ್ ಆಟಗಾರರ ಚಿತ್ರಗಳೂ ವಿಳಾಸಗಳೂ ಇದ್ದವು. ಆ ಆಟ ಎಂಥದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆದರೆ ಒಬ್ಬ ಮುದುಕನ ಚಿತ್ರ ಹಸನಬ್ಬನಿಗೆ ಹಿಡಿಸಿತು. ಚೆಂಡು ಹಿಡಿದು ಹಿಡಿದು ಆತನ ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಹೊಳೆಯಾಚೆಯ ಬೆಂಗ್ರೆಯಲ್ಲಿ ದೋಣಿಹಗ್ಗಕ್ಕೆ ಸಿಕ್ಕಿ ಹಸನಬ್ಬನ ಬೆರಳುಗಳೂ ಹಾಗೇ ಆಗಿದ್ದವು.

"ಶೆಟ್ರೆ, ಈ ಕೈಯಲ್ಲಿ ಅವ ಸಹಿ ಹೇಗೆ ಹಾಕ್ತಾನೆ? ನನಗೆ ಅದೊಂದು ನೋಡ್ಬೇಕು. ನನ್ನದಂತೂ ಹೆಬ್ಬೆಟ್ಟಿಗೆ ಬಂದು ನಿಂತಿತು."

ಬರೆದೆ. ಆತನೊಬ್ಬನಿಗೇ ಅಲ್ಲ, ಐವರಿಗೆ! ಮುದುಕನಿಗೆ ಹಸನಬ್ಬನ ಬೆರಳುಗಳ ವಿಷಯವನ್ನೂ ತಿಳಿಸಿದೆ. ಎಲ್ಲರಿಗೂ 'ತಾವು ಬಾರಿಸಿದ ಶತಕಗಳನ್ನು ಮರೆಯಲಾರೆ' ಎಂದು ಸೇರಿಸಿದೆ. ಬೇಸ್‌ಬಾಲಿನಲ್ಲಿ ಶತಕವಿಲ್ಲವೆಂದು ತಿಳಿದದ್ದು ಆಮೇಲೆ. ಉತ್ತರಕ್ಕೆಂದು ನನ್ನ ವಿಳಾಸದ ಲಕೋಟೆಗಳನ್ನೂ ಒಳಗಿಟ್ಟೆ. ಸ್ಟಾಂಪು ಹಚ್ಚಿಯೇ.

"ನಮ್ಮ ಸ್ಟಾಂಪು ಅಮೆರಿಕದಲ್ಲಿ ನಡೀತದಾ?" ಎಂದಳು ಹೆಂಡತಿ ಗಿರಿಜಾ.

"ನಿನಗೆ ಎಂತ ಗೊತ್ತುಂಟು!" ಎಂದೆ.

ಅವಳಿಗೆ ಗೊತ್ತಿತ್ತು. ನಾಲ್ವರಿಂದ ಉತ್ತರವೇ ಬರಲಿಲ್ಲ.

ಅಷ್ಟರಲ್ಲಿ ಹಸನಬ್ಬ ಎದೆನೋವಿನಿಂದ ಹಾಸಿಗೆ ಹಿಡಿದ. ಕಿಟಕಿಯಿಂದ ದಿನವೂ ಒಂದೇ ಪ್ರಶ್ನೆ: "ಬಂತಾ ಮಾರಾಯ್ರೆ?"

ಒಂದು ಮಧ್ಯಾಹ್ನ ಬಂತು. ಹಿಂಬದಿಯಲ್ಲಿ ಆ ಮುದುಕನ ವಿಳಾಸ. ನಾನು ಕಳಿಸಿದ ಲಕೋಟೆ ಅಲ್ಲಿ ನಡೆಯದ್ದರಿಂದ ಅಮೆರಿಕದ್ದೇ ಲಕೋಟೆ. ಅದರ ಸುತ್ತಲೂ ದಪ್ಪ ಕರಿ ಅಂಚು.

ಮೂಲೆಗೆ ಕರಿ ಬಳಿದ ಕಾಗದವೆಂದರೆ ಸಾವಿನ ಸುದ್ದಿ. ನಮ್ಮಲ್ಲಿ ಅದನ್ನು ಮನೆಯೊಳಗೆ ತರುವುದಿಲ್ಲ. ಇದಕ್ಕೋ ನಾಲ್ಕು ಬದಿಗೂ ಕರಿ! ಒಡೆಯದೆ ಹಿತ್ತಲಿನ ಸೌದೆಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ, ತಲೆಗೆ ಸ್ನಾನ ಮಾಡಿದೆ.

"ಓದದೆ ಹೇಗೆ ಗೊತ್ತಾಯ್ತು?" ಎಂದಳು ಗಿರಿಜಾ.

"ಕರಿ ಅಂಚು ಉಂಟಲ್ಲ! ಇನ್ನೇನು ಓದುವುದು?"

ಸತ್ಯವನ್ನು ಮುಚ್ಚಿಡಬಾರದೆಂದು, ಒದ್ದೆ ತಲೆಯಲ್ಲೇ ಹಸನಬ್ಬನ ಬಳಿ ಹೋಗಿ ಹೇಳಿದೆ.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಅವನೂ ಹೋದನಾ? ಪಾಪ. ಇನ್ನು ಕಾಯ್ಲಿಕ್ಕೆ ಇಲ್ಲ ಅಲ್ವಾ?" ಎಂದ. ಕಿಟಕಿ ಹಾಕಲು ಹೇಳಿದ.

ಒಂಬತ್ತನೆಯ ದಿನ ತೀರಿಕೊಂಡ.

ಮರುವಾರ ಸೌದೆ ತೆಗೆಯುವಾಗ ಲಕೋಟೆ ಗಿರಿಜಾಳ ಕಾಲ ಬಳಿ ಬಿತ್ತು. ಅವಳು ಅಲ್ಲೇ ನಿಂತು ಒಡೆದಳು. ನಾನು ಓದಿದೆ. 'ಲಕೋಟೆಗೆ ಕ್ಷಮಿಸಿ. ಹೆಂಡತಿ ತೀರಿಕೊಂಡಾಗ ತರಿಸಿದ್ದು, ಉಳಿದಿದೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಗೆಳೆಯರಿಗೆ ಹೇಳಿ, ಪೆನ್ನನ್ನು ಎರಡು ಗೆಣ್ಣುಗಳ ನಡುವೆ ಸಿಕ್ಕಿಸಿದರೆ ಬರುತ್ತದೆ.' ಕೆಳಗೆ ಸಹಿ. ಅಲುಗಾಡಿದ, ಆದರೆ ಪೂರ್ತಿಯಾದ ಸಹಿ.

ಗಿರಿಜಾ ಸೌದೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಸನಬ್ಬ ತೀರಿಕೊಂಡ ಸುದ್ದಿಯನ್ನು ಆ ಮುದುಕನಿಗೆ ಬರೆದೆ. ಶತಕಗಳ ಪ್ರಸ್ತಾಪ ಮಾಡಲಿಲ್ಲ. ಕ್ರಮದಂತೆ ಲಕೋಟೆಯ ಮೂಲೆಗೆ ಕರಿ ಬಳಿದೆ. ಆತ ಅದನ್ನು ಒಡೆದು ಓದಿರಬೇಕು. ಆತ ನನ್ನಷ್ಟು ಬುದ್ಧಿವಂತನಲ್ಲ!