ಹಾಲು ಉಕ್ಕುವುದು ಮೇಲ್ತರಗತಿಯ ವಿಷಯ

ಗೊತ್ತಿಲ್ಲ ಎನ್ನುವುದಕ್ಕೆ ಲೋಕದಲ್ಲಿ ನಾನಾ ದಾರಿಗಳಿವೆ. ವೈದ್ಯರು ‘ನೋಡೋಣ’ ಎನ್ನುತ್ತಾರೆ, ಜೋಯಿಸರು ‘ಗ್ರಹಚಾರ’ ಎನ್ನುತ್ತಾರೆ. ನಾನು ‘ಅದು ಮೇಲ್ತರಗತಿಯ ವಿಷಯ, ಕೂತ್ಕೊ’ ಎನ್ನುತ್ತಿದ್ದೆ. ಆಗ ಹೊಳೆನರಸೀಪುರದಲ್ಲಿ ಸೈನ್ಸ್ ಮೇಷ್ಟ್ರು ಎಂದರೆ ನಾನೊಬ್ಬನೇ. ಹನ್ನೆರಡು ವರ್ಷ ಈ ಒಂದೇ ವಾಕ್ಯ ನನ್ನ ಮರ್ಯಾದೆ ಕಾಯ್ದಿತ್ತು.

ಪ್ರತಿ ಗುರುವಾರ ಸಂಜೆ ಪಾರ್ಕಿನ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಬರುತ್ತಿತ್ತು. ಕೇಳುಗರು ಕಾರ್ಡು ಬರೆದು ಕೇಳಿದ ಪ್ರಶ್ನೆಗಳಿಗೆ ಯಾರೋ ಒಬ್ಬರು ನಯವಾದ ದನಿಯಲ್ಲಿ ವಿಜ್ಞಾನದ ಉತ್ತರ ಹೇಳುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಏಕೆ, ಗುಡುಗಿಗಿಂತ ಮಿಂಚು ಮೊದಲು ಏಕೆ, ಇಂಥವೇ. ಅರ್ಧ ಊರು ಅಲ್ಲಿ ನೆರೆಯುತ್ತಿತ್ತು. ಒಂದೊಂದು ಉತ್ತರ ಮುಗಿದಾಗಲೂ ಜನ ನಾನು ಕೂತ ಕಲ್ಲುಬೆಂಚಿನ ಕಡೆ ತಿರುಗಿ, “ಔದಾ ಸಾ?” ಎಂದು ನನ್ನನ್ನು ಕೇಳುವರು. ನಾನು ಕಣ್ಣು ಮುಚ್ಚಿ, ‘ಪರವಾಗಿಲ್ಲ, ಹೇಳಿದ್ದಾನೆ’ ಎಂಬಂತೆ ತಲೆಯಾಡಿಸುವೆ. ಆ ಬೆಂಚಿನ ಮೇಲೆ ನನ್ನನ್ನು ಬಿಟ್ಟು ಯಾರೂ ಕೂರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಸಂಬಳಕ್ಕಿಂತ ಆ ಬೆಂಚಿನ ಮೇಲೇ ನನಗೆ ಆಸೆ ಹೆಚ್ಚು.

ಒಂದು ಬೆಳಿಗ್ಗೆ ನನ್ನ ಹೆಂಡತಿ ಶಾರದೆ ಒಲೆಯ ಮುಂದಿನಿಂದಲೇ ಕೇಳಿದಳು: “ಅಲ್ಲಾ, ನೀರು ಎಷ್ಟು ಕುದಿಸಿದ್ರೂ ಪಾತ್ರೇಲೇ ಇರುತ್ತೆ. ಹಾಲು ಮಾತ್ರ ಯಾಕೆ ಹೀಗೆ ಉಕ್ಕಿ ಬರುತ್ತೆ?” ಪೇಪರಿನಿಂದ ತಲೆಯೆತ್ತದೆ, “ಅದು ಮೇಲ್ತರಗತಿಯ ವಿಷಯ” ಎಂದೆ. ‘ಕೂತ್ಕೊ’ ಎನ್ನಲಿಲ್ಲ, ಅಷ್ಟು ಬುದ್ಧಿ ಇತ್ತು. ಅವಳೂ ಸುಮ್ಮನಾದಳು. ಹೆಂಡತಿ ಸುಮ್ಮನಾದರೆ ಒಪ್ಪಿಕೊಂಡಳು ಎಂದು ತಿಳಿಯುವುದು ದಡ್ಡತನ. ಇದನ್ನು ಯಾವ ತರಗತಿಯಲ್ಲೂ ಕಲಿಸುವುದಿಲ್ಲ.

ಮೂರು ವಾರ ಕಳೆದಿರಬೇಕು. ಪಾರ್ಕಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದೇನೆ. ರೇಡಿಯೋ ಹೇಳಿತು: “ಮುಂದಿನ ಪ್ರಶ್ನೆ, ಹೊಳೆನರಸೀಪುರದ ಸೈನ್ಸ್ ಮೇಷ್ಟರ ಮನೆಯಿಂದ. ಹಾಲು ಉಕ್ಕುವುದೇಕೆ, ನೀರು ಉಕ್ಕದಿರುವುದೇಕೆ?” ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಅಡಿಯ ಆವಿ ದಾರಿ ಸಿಗದೆ ಅದನ್ನು ಎತ್ತಿಕೊಂಡು ಮೇಲೇರುತ್ತದೆ ಎಂದೇನೋ ವಿವರಿಸಿದರು. ಕೇಳುವವರು ಯಾರು? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈ ಸಲ ಯಾರೂ ‘ಔದಾ ಸಾ’ ಎನ್ನಲಿಲ್ಲ. “ದೀಪದ ಬುಡದಲ್ಲೇ ಕತ್ಲು ಕಣ್ಲಾ” ಎಂದು ಹಿಂದಿನಿಂದ ಯಾರೋ ಅಂದರು. ಖುಷಿಪಟ್ಟವನು ನಮಗೆ ಹಾಲು ಹಾಕುವ ಜವರಣ್ಣ ಒಬ್ಬನೇ. “ನೋಡ್ರಪ್ಪಾ, ನನ್ ಆಲು ಉಕ್ತದೆ ಅಂತ ರೇಡಿಯೋದಾಗೇ ಬಂದ್ಬುಡ್ತು. ಇನ್ಮೇಕೆ ನೀರು ಬೆರೆಸ್ತೀಯ ಅಂದೀರಾ?” ಎಂದು ಮೀಸೆ ತಿರುವಿದ. ಮರುದಿನವೇ ಅವನಿಗೆ ನಾಲ್ಕು ಹೊಸ ಮನೆಗಳು ಸಿಕ್ಕವು.

ಮನೆಗೆ ಹೋಗಿ ಹಾರಾಡಿದೆ. “ಬರೆದದ್ದು ಬರೆದೆ, ನೆಟ್ಟಗೆ ನನ್ನ ಹೆಸರು ಹಾಕಬಾರದಿತ್ತೇ? ಈ ಊರಲ್ಲಿ ಕಲ್ಲೆಸೆದರೆ ಒಬ್ಬ ನರಸಿಂಹಮೂರ್ತಿಗೆ ಬೀಳುತ್ತೆ. ಯಾವನೋ ಒಬ್ಬ ಅಂತ ಹೋಗ್ತಿತ್ತು.”

ಶಾರದೆ ಕೆನ್ನೆ ಬಡಿದುಕೊಂಡಳು. “ಬಾಯಲ್ಲಿ ಹೇಳದ ಹೆಸರನ್ನ ಕೈಯಲ್ಲಿ ಬರೀಲೇ? ಚೆನ್ನಾಗಿದೆ. ಗಂಡನ ಹೆಸರು ಬರೆದರೆ ಆಯಸ್ಸು ಕಮ್ಮಿ ಅಂತಾರೆ. ನಿಮ್ಮ ಒಳ್ಳೇದಕ್ಕೇ ಬಿಟ್ಟೆ.”

ನನ್ನ ಆಯಸ್ಸು ಉಳಿಯಿತು, ಮಾನ ಹೋಯಿತು. ಮುಂದಿನ ಗುರುವಾರ ನಾನು ಹೋಗುವ ಹೊತ್ತಿಗೆ ಬೆಂಚಿನ ಮೇಲೆ ಜವರಣ್ಣ ಕೂತಿದ್ದ. ಸ್ವಲ್ಪ ಜರುಗಿ ಜಾಗ ಕೊಟ್ಟ, ಅದೂ ತುದಿಯಲ್ಲಿ.

ಆದರೆ ಶಾರದೆಯನ್ನು ಗದರುವಾಗ ನಾನು ಆಡಿದ ಮಾತು ನನ್ನನ್ನೇ ಕೊರೆಯತೊಡಗಿತು. ನನ್ನ ಹೆಸರು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ತಾನೆ? ಮಿಣುಕುಹುಳ ಅಷ್ಟು ಬೆಳಕು ಹೊತ್ತರೂ ಕೈ ಸುಡುವುದಿಲ್ಲವೇಕೆ ಎಂದು ತರಗತಿಯಲ್ಲಿ ಹುಡುಗರು ಕೇಳಿದ್ದರು. ಮೇಲ್ತರಗತಿಗೆ ದಾಟಿಸಿದ್ದೆ. ಗುಟ್ಟಾಗಿ ಕಾರ್ಡು ಬರೆದೆ. ಕೆಳಗೆ ಧೈರ್ಯವಾಗಿ ನರಸಿಂಹಮೂರ್ತಿ, ಹೊಳೆನರಸೀಪುರ ಎಂದು ಹಾಕಿದೆ. ಉತ್ತರ ಕಲಿತು, ಪಾರ್ಕಿನಲ್ಲೇ ಅದರ ಮೇಲೆ ವ್ಯಾಖ್ಯಾನ ಮಾಡಿ, ಬೆಂಚನ್ನು ಮರಳಿ ಗೆಲ್ಲುವುದು ನನ್ನ ಹಂಚಿಕೆ.

ಆ ಗುರುವಾರವೂ ಬಂತು. “ಹೊಳೆನರಸೀಪುರದ ನರಸಿಂಹಮೂರ್ತಿಯವರು ಕೇಳುತ್ತಾರೆ” ಎಂದಿತು ರೇಡಿಯೋ. ಅಷ್ಟೇ. ದರ್ಜಿ ನರಸಿಂಹಮೂರ್ತಿ, “ಅದು ನಾನೇ” ಎಂದು ಎದ್ದ. ಬೀಡಿ ಅಂಗಡಿಯ ನರಸಿಂಹಮೂರ್ತಿ, “ನೀನ್ಯಾವಾಗ್ಲಾ ಬರ್ದೆ? ನಾನು ಬರ್ದಿದ್ದು” ಎಂದ. ಪೂಜೆ ಮುಗಿಸಿ ಬಂದಿದ್ದ ಅರ್ಚಕ ನರಸಿಂಹಮೂರ್ತಿಗಳೂ ಬಿಡಲಿಲ್ಲ. ಮೂವರ ಜಗಳ ಬಿಡಿಸುವಷ್ಟರಲ್ಲಿ ರೇಡಿಯೋ ಮುಂದಿನ ಪ್ರಶ್ನೆಗೆ ಹೋಗಿತ್ತು. ಉತ್ತರದ ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ನಾನೇ ಬರೆದೆ ಎಂದು ಹೇಳುವಂತಿರಲಿಲ್ಲ.

ಕೊನೆಗೆ ಗೆದ್ದವನು ದರ್ಜಿ. ಸುತ್ತಲಿನವರು ಉತ್ತರವೇನೆಂದು ಅವನನ್ನು ಹಿಡಿದರು. ಅವನು ಬೆವರು ಒರೆಸಿಕೊಂಡು ಸೀದಾ ನನ್ನ ಬಳಿ ಬಂದ. ಜವರಣ್ಣ ಕೂಡ ಬೆಂಚಿನಿಂದ ಎದ್ದು ನಿಂತು, “ಕೂತ್ಕಳಿ ಸಾ” ಎಂದ.

“ಗಲಾಟೇಲಿ ಕೇಳಿಸ್ಲಿಲ್ಲ ಸಾ. ನನ್ ಪ್ರಶ್ನೆಗೆ ಉತ್ತರ ನೀವೇ ಯೋಳ್ಬುಡಿ” ಎಂದ ದರ್ಜಿ.

ಇಡೀ ಪಾರ್ಕು ನನ್ನ ಬಾಯನ್ನೇ ನೋಡುತ್ತಿತ್ತು. ನಾನು ನಿಧಾನವಾಗಿ ಬೆಂಚಿನ ನಡುವೆ ಕೂತು, ಕಣ್ಣು ಮುಚ್ಚಿ, “ಅದು ಮೇಲ್ತರಗತಿಯ ವಿಷಯ” ಎಂದೆ.