ಗೊಣಗಾಟಕ್ಕೆ ಒಂದು ದಿನ ರಜೆ

ಅನಾಹುತ ಶುರುವಾದದ್ದು ನಿವೃತ್ತ ಟ್ರಾಲಿಬಸ್ ಚಾಲಕ ಝೆನೋನ್ ಶನಿವಾರ ಬೆಳಗ್ಗೆ ಹಲ್ಲುಜ್ಜುತ್ತಾ ಮಾಡಿದ ಒಂದು ಯೋಚನೆಯಿಂದ. ಹಲ್ಲುಜ್ಜುವವರು ಹಲ್ಲನ್ನಷ್ಟೇ ಉಜ್ಜಬೇಕು. ಆದರೆ ಅವನ ಮನಸ್ಸು ಆ ದಿನ ಸ್ಥಿಮಿತದಲ್ಲಿರಲಿಲ್ಲ.

ಕಾರಣ ಡಂಕನ್. ನ್ಯೂಜಿಲೆಂಡಿನ ಈ ದೂರದ ನೆಂಟ ಎರಡು ವಾರ ಇದ್ದು ಹೋಗುತ್ತೇನೆಂದು ಲುಬ್ಲಿನ್ ನಗರಕ್ಕೆ ಬಂದವನು, ಎರಡು ತಿಂಗಳಾದರೂ ಝೆನೋನ್‌ನ ಸೋಫಾ ಬಿಟ್ಟು ಎದ್ದಿರಲಿಲ್ಲ. ಡಂಕನ್‌ನ ತಾಯಿ ಇಲ್ಲಿಯವಳೇ. ಅವಳು ಕಲಿಸಿದ ಹಳೇ ಕಾಲದ ಮಾತಿನಲ್ಲಿ ಅವನು ಬಾಯಿ ಬಿಟ್ಟರೆ, ಬ್ರೆಡ್ ಅಂಗಡಿಯ ಹೆಂಗಸಿಗೆ ತನ್ನ ಮುತ್ತಜ್ಜಿಯೇ ಎದ್ದುಬಂದು ಬನ್ನು ಕೇಳಿದಂತಾಗುತ್ತಿತ್ತು. ಡಂಕನ್ ಮತ್ತು ಝೆನೋನ್ ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ಸಂಜೆಯಾದರೆ ನಿಂಬೆಹಣ್ಣು ಹಾಕಿದ ಚಹಾ, ಮುಂದೆ ಚದುರಂಗದ ಮಣೆ. ಡಂಕನ್ ದಿನಾ ಸೋಲುತ್ತಿದ್ದ, ಸೋತು ಖುಷಿಪಡುತ್ತಿದ್ದ. ಹೆಂಡತಿ ಹೋದ ಮೇಲೆ ಸಂಜೆಗಳೆಂದರೆ ಹೆದರುತ್ತಿದ್ದ ಝೆನೋನ್ ಈಗ ಮಧ್ಯಾಹ್ನದಿಂದಲೇ ಸಂಜೆಗೆ ಕಾಯುತ್ತಿದ್ದ.

ಹುಳಿ ಸೂಪು, ಅಣಬೆ ಹುಡುಕಾಟ, ಮನೆಯೊಳಗೆ ಬಂದವರಿಗೆಲ್ಲ ಕೊಡುವ ಸವೆದ ಚಪ್ಪಲಿ, ಎಲ್ಲದರ ಮೇಲೂ ಡಂಕನ್‌ಗೆ ಪ್ರೀತಿ ಹುಟ್ಟಿತ್ತು. "ಇಲ್ಲಿಯೇ ನೆಲೆಸಿಬಿಡೋಣವೆಂದು ಮನಸ್ಸಾಗಿದೆ ಝೆನೋನಪ್ಪಾ" ಎಂದಿದ್ದ. ಮೇಲಿನ ನಾಲ್ಕನೇ ಮಹಡಿಯ ಗೆನೋವೆಫಾ, ಮಗಳ ಜೊತೆ ಇರಲು ಕಡಲತೀರದ ಗ್ದಿನಿಯಾಕ್ಕೆ ಹೋದವಳು, ಮನೆ ಮಾರುವುದಕ್ಕೆ ಇವತ್ತೇ ಬರುವವಳಿದ್ದಳು. ಅದನ್ನು ಕೊಳ್ಳುವುದಕ್ಕೆ ಡಂಕನ್ ಇವತ್ತೇ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಝೆನೋನ್‌ಗೆ ಭಯವಿದ್ದದ್ದು ನೆರೆಹೊರೆಯದು. ಆ ಕಟ್ಟಡದಲ್ಲಿ "ಹೇಗಿದ್ದೀರಿ?" ಎಂದು ಕೇಳಿದವನು ಕುರ್ಚಿ ಎಳೆದುಕೊಂಡೇ ಕೇಳಬೇಕು. ಮಂಡಿನೋವಿನಿಂದ ಶುರುವಾಗಿ, ಸೊಸೆ, ಆಸ್ಪತ್ರೆ, ಸರ್ಕಾರ ಎಲ್ಲ ಮುಗಿದು ಮತ್ತೆ ಮಂಡಿಗೇ ಬರುತ್ತದೆ. ಇಂಥ ಕಡೆ ಯಾವ ಬುದ್ಧಿವಂತ ಮನೆ ಮಾಡುತ್ತಾನೆ? ಹಲ್ಲುಜ್ಜುವಾಗ ಹೊಳೆದ ಉಪಾಯ ಇದು: ಒಂದೇ ಒಂದು ದಿನ ಯಾರೂ ಗೊಣಗಬಾರದು.

ಅವನು ಮೊದಲು ಬಾಗಿಲು ತಟ್ಟಿದ್ದು ನೆಲಮಹಡಿಯ ಲುಟ್ಸಿನಾಳದು. ಮಂಡಿ ಅವಳದೇ.

"ಅಂದ್ರೆ ಚೆನ್ನಾಗಿದ್ದೀನಿ ಅಂತ ಸುಳ್ಳು ಹೇಳ್ಬೇಕಾ?" ಎಂದಳು ಲುಟ್ಸಿನಾ.

"ಒಂದಿನ ಮಾತ್ರ ಕಣಮ್ಮ. ಆಮೇಲೆ ನಿನ್ನ ಮಂಡಿ, ನಿನ್ನ ಬಾಯಿ."

"ಯಾರಿಗಾದ್ರೂ ಗೊತ್ತಾದ್ರೆ ಏನಂದ್ಕೋತಾರೆ? ಲಾಟರಿ ಹೊಡೀತು ಅಂತ ಸಾಲ ಕೇಳೋಕೆ ಬರ್ತಾರಷ್ಟೆ."

ಕೊನೆಗೆ ಒಪ್ಪಿದಳು. ಎರಡನೇ ಮಹಡಿಯ ವಿಟೋಲ್ಡ್ ಇನ್ನೂ ಕಷ್ಟದ ಆಸಾಮಿ. ಮನೆಯ ಹೀಟರ್ ಬಿಸಿಯಾಗುವುದಿಲ್ಲವೆಂದು ವರ್ಷಗಳಿಂದ ಕಟ್ಟಡದ ಆಡಳಿತದವರ ಜೊತೆ ಜಗಳಾಡಿಕೊಂಡು, ಆ ಜಗಳದ ಬಿಸಿಯಲ್ಲೇ ಚಳಿಗಾಲ ಕಳೆಯುತ್ತಿದ್ದವನು. ಅವನನ್ನೂ ಒಪ್ಪಿಸಿದ್ದಾಯಿತು. ಝೆನೋನ್ ಹೋಗಿ ಬ್ರೆಡ್ ಅಂಗಡಿಯವಳ ಕಿವಿಗೂ ಒಂದು ಮಾತು ಹಾಕಿ ಬಂದ. ಕೆಲಸ ಕೆಡಿಸುವುದಾದರೆ ಪೂರ್ತಿ ಕೆಡಿಸಬೇಕು ಎನ್ನುವ ಜಾತಿಯ ಮನುಷ್ಯ.

ಡಂಕನ್ ಎಂದಿನಂತೆ ಚೀಲ ಹಿಡಿದು ಕೆಳಗಿಳಿದ.

"ಕ್ಷೇಮವೇ ತಾಯೀ? ಮಂಡಿ ಹೇಗಿದೆ?"

"ಮಂಡೀನಾ? ಯಾವ ಮಂಡಿ? ಎಲ್ಲಾ ಬೊಂಬಾಟಾಗಿದೆ!" ಎಂದು ಲುಟ್ಸಿನಾ ನಕ್ಕಳು. ಹೊಸ ಬಿಗಿ ಚಪ್ಪಲಿ ಹಾಕಿಕೊಂಡು ಮದುವೆಮನೆಯಲ್ಲಿ ನಿಂತವರ ನಗು ಅದು. ಡಂಕನ್ ಗಾಬರಿಯಾದ. ವೈದ್ಯರು ಏನೋ ಕೆಟ್ಟ ಸುದ್ದಿ ಹೇಳಿರಬೇಕು, ಪಾಪ ಮುಚ್ಚಿಡುತ್ತಿದ್ದಾಳೆ ಎಂದುಕೊಂಡ.

ಮೆಟ್ಟಿಲ ಬಳಿ ವಿಟೋಲ್ಡ್ ಸಿಕ್ಕ. ಕೋಟು, ಮಫ್ಲರು, ತಲೆಗೆ ಒಂದರ ಮೇಲೊಂದು ಎರಡು ಟೋಪಿ.

"ಹೀಟರ್ ಸರಿಹೋಯಿತೇ ಸ್ವಾಮೀ?"

"ಅಯ್ಯೋ, ಅದ್ಭುತ ಸಾರ್! ಸೆಕೆಗೆ ನಿದ್ದೇನೇ ಬರಲ್ಲ" ಎಂದ ವಿಟೋಲ್ಡ್, ಹಲ್ಲು ಕಟಕಟ ಅನ್ನುತ್ತಿದ್ದರೂ.

ಅಂಗಡಿಯಲ್ಲಿ ಇನ್ನೂ ಘೋರ. ಎರಡು ತಿಂಗಳಿಂದ ಚಿಲ್ಲರೆ ಇಲ್ಲವೆಂದು ಮುಖ ಗಂಟಿಕ್ಕುತ್ತಿದ್ದ ಹೆಂಗಸು ಇವತ್ತು, "ನಿಮ್ಮ ದಿನ ಸುಂದರವಾಗಿರಲಿ!" ಎಂದು ಹಾಡಿದಂತೆ ಹೇಳಿದಳು. ಡಂಕನ್ ಬ್ರೆಡ್ಡನ್ನು ಅಲ್ಲೇ ಮರೆತು ಓಡಿಬಂದ.

ಝೆನೋನ್ ಒಳಗೆ ಗಸಗಸೆ ಕೇಕು ಕತ್ತರಿಸುತ್ತಾ ಒಳ್ಳೆಯ ಸುದ್ದಿಗೆ ಕಾಯುತ್ತಿದ್ದ. ಬಂದವನು ಕೇಕಿನ ಕಡೆ ನೋಡಲಿಲ್ಲ. ಸೋಫಾದ ಕೆಳಗಿನಿಂದ ಸೂಟ್‌ಕೇಸು ಎಳೆದು ಅಂಗಿಗಳನ್ನು ತುಂಬತೊಡಗಿದ.

"ಏನಾಯ್ತೋ ಮಾರಾಯ?"

"ನಾನು ಊರಿಗೆ ಹೊರಟೆ ಝೆನೋನಪ್ಪಾ" ಎಂದ ಡಂಕನ್. "ನನ್ನ ಹೆಂಡತಿ ತೀರಿಕೊಂಡಾಗ ಊರಿನವರೆಲ್ಲ ನಗುನಗುತ್ತಾ ಹೇಗಿದ್ದೀಯೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳ್ಳೆಯದಾಗಲಿ ಎಂದು ಮುಂದೆ ಹೋದರು. ಇಲ್ಲಿಗೆ ಬಂದ ಮೊದಲ ದಿನ ಲುಟ್ಸಿನಮ್ಮ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಮಂಡಿಯ ಕಥೆ ಪೂರ್ತಿ ಹೇಳಿದಳು. ಆಮೇಲೆ, ಈಗ ನಿನ್ನದು ಹೇಳು ಎಂದಳು. ಹೇಳಿದೆ. ಇಬ್ಬರೂ ಅತ್ತೆವು. ಅವತ್ತೇ ನಾನು ಈ ಊರಿಗೆ ಮನಸೋತೆ. ಈಗ ಇವರಿಗೂ ಆ ನಗುವ ರೋಗ ತಗುಲಿದೆಯಲ್ಲಪ್ಪಾ."

ಝೆನೋನ್‌ನ ಕೈಯಲ್ಲಿದ್ದ ಕೇಕು ನೆಲಕ್ಕೆ ಬಿತ್ತು. ಮನೆಗೆ ತಾನೇ ಕೈಯಾರೆ ಬೆಂಕಿ ಇಟ್ಟಿದ್ದು ಅವನಿಗೆ ಅರ್ಥವಾಯಿತು. ಹೊರಗೋಡಿ ಮೆಟ್ಟಿಲ ಕಂಬಿಯ ಮೇಲೆ ಬಗ್ಗಿ ಕೂಗಿದ.

"ಲುಟ್ಸಿನಾ! ವಿಟೋಲ್ಡ್! ಸಾಕು, ಇನ್ನು ಗೊಣಗ್ರಪ್ಪಾ!"

ಕೆಳಗಿನಿಂದ ಲುಟ್ಸಿನಾ ಜೇನಿನಂಥ ದನಿಯಲ್ಲಿ, "ಗೊಣಗೋಕೆ ಏನಿದೆ? ಎಲ್ಲಾ ಚೆನ್ನಾಗಿದೆ" ಎಂದಳು.

"ಕೊಟ್ಟ ಮಾತು ಕೊಟ್ಟ ಹಾಗೆ. ನನ್ನ ಹೀಟರ್ ಅದ್ಭುತ!" ಎಂದ ವಿಟೋಲ್ಡ್.

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವರು ಇವತ್ತೇ ಮಾತಿಗೆ ಕಟ್ಟುಬಿದ್ದಿದ್ದರು. ಹಿಂದಿನಿಂದ ಸೂಟ್‌ಕೇಸು ಮುಚ್ಚಿದ ಸದ್ದು ಕೇಳಿತು. ಝೆನೋನ್ ಕಣ್ಣುಮುಚ್ಚಿ ದೇವರನ್ನು ನೆನೆದು ಬಾಯಿಬಿಟ್ಟ.

"ಲುಟ್ಸಿನಾ, ನಿನ್ನ ಮಂಡಿಗೆ ಏನೂ ಆಗಿಲ್ಲ! ಎಲ್ಲಾ ನಾಟಕ! ಲೋ ವಿಟೋಲ್ಡ್, ಹೀಟರ್ ತಿರುಗಿಸೋಕೆ ಬರದೇ ಇರೋ ದಡ್ಡ ನೀನೇ!"

ಅಷ್ಟೇ, ಕಟ್ಟಡವೇ ಸಿಡಿಯಿತು.

"ನಾಟಕಾನಾ? ಬಾ ಇಲ್ಲಿ, ನನ್ನ ಎಕ್ಸ್‌ರೇ ನಿನ್ನ ತಲೆಗೆ ಬಡೀತೀನಿ! ಎಂಟು ತಿಂಗಳು ಕಾಯಿಸ್ಬಿಟ್ಟು ಬೇರೆ ಕಾಲು ನೋಡಿದ್ರು ಗೊತ್ತಾ ಆ ಡಾಕ್ಟ್ರು?"

"ನಾನು ದಡ್ಡನಾ? ಆ ಆಡಳಿತದೋರು ಕಳಿಸಿದ ರಿಪೇರಿಯವನು ನನ್ನ ಕೋಟು ಇಸ್ಕೊಂಡು ಕೆಲಸ ಮಾಡಿದ ಕಣಯ್ಯಾ!"

ಡಂಕನ್ ಹೊರಗೆ ಬಂದ. ಸೂಟ್‌ಕೇಸನ್ನು ಕೆಳಗಿಟ್ಟು ಅದರ ಮೇಲೆಯೇ ಕುಳಿತ. ಕಣ್ಣಲ್ಲಿ ನೀರು, ಮುಖದಲ್ಲಿ ಹಬ್ಬ. "ಯಾವ ಕಾಲು ನೋಡಿದರು ತಾಯೀ? ನಿಧಾನವಾಗಿ ಹೇಳಿ" ಎಂದ.

ಅಷ್ಟರಲ್ಲಿ ಕೆಳಬಾಗಿಲಿನಿಂದ ಗೆನೋವೆಫಾ ಚೀಲದ ಸಮೇತ ಒಳಗೆ ಬಂದಳು. ಗಲಾಟೆ ಕೇಳಿ ಹಾಗೇ ಗೋಡೆಗೆ ಒರಗಿ ನಿಂತಳು. ಡಂಕನ್ ಓಡಿ ಇಳಿದು ಚೀಲ ತೆಗೆದುಕೊಂಡು, "ಹೇಗಿದ್ದೀರಿ ಅಮ್ಮಾ?" ಎಂದ.

"ಏನ್ ಹೇಳ್ಲಪ್ಪಾ! ಮಗಳ ಮನೇಲಿ ಬಾಯಿ ಬಿಟ್ರೆ, ಅಮ್ಮಾ ಒಳ್ಳೇದನ್ನೇ ಯೋಚಿಸು ಅಂತಾಳೆ. ಅಳಿಯನಂತೂ ನಿದ್ದೇಲೂ ನಗ್ತಾನೆ. ಆ ಸಮುದ್ರದ ಗಾಳಿ ಬೇರೆ…"

ನಾಲ್ಕು ಮಹಡಿ ಹತ್ತುವವರೆಗೂ ಅವಳ ಮಾತು ನಿಲ್ಲಲಿಲ್ಲ. ಮೇಲೆ ಹೋಗಿ ಬಾಗಿಲು ಮುಚ್ಚಿದ ಮೇಲೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಂಕನ್ ಕೆಳಗೆ ಬಂದು ಝೆನೋನ್‌ನನ್ನು ತಬ್ಬಿಕೊಂಡ. ಗೆನೋವೆಫಾ ಮನೆ ಮಾರುವುದಿಲ್ಲ, ಗ್ದಿನಿಯಾಕ್ಕೂ ಹೋಗುವುದಿಲ್ಲ. ಇಂಥ ನೆರೆಹೊರೆ ಬಿಟ್ಟು ಹೋಗಲು ತನಗೇನು ಹುಚ್ಚೇ ಎಂದಳಂತೆ. ಒಂದು ಕೋಣೆ ಖಾಲಿಯಿದೆ, ಅದರಲ್ಲಿ ಡಂಕನ್ ಇರಬಹುದು, ಇಷ್ಟ ಬಂದಷ್ಟು ಕಾಲ.

ಝೆನೋನ್ ಸಂತೋಷದಿಂದ ಕುಣಿಯುವುದೊಂದು ಬಾಕಿ. ಗೆಳೆಯ ಉಳಿದ, ಅದೂ ತಲೆಯ ಮೇಲಿನ ಮಹಡಿಯಲ್ಲೇ. ಸೂಟ್‌ಕೇಸನ್ನು ತಾನೇ ಹೊತ್ತು ಮೇಲೆ ಇಟ್ಟು ಬಂದ. ಸಂಜೆಗೆ ಹೊಸ ಕೇಕು ತಂದ, ಎರಡು ಲೋಟ ಚಹಾ ಮಾಡಿದ, ಚದುರಂಗದ ಕಾಯಿಗಳನ್ನು ಜೋಡಿಸಿದ. ಚಹಾ ಆರಿತು. ಮತ್ತೆ ಮಾಡಿದ, ಮತ್ತೆ ಆರಿತು. ಡಂಕನ್ ಬರಲಿಲ್ಲ. ಹಳೆಯ ಸಂಜೆಗಳ ಭಯ ಮೆಲ್ಲಗೆ ಎದೆಯೊಳಗೆ ಬಂದು ಕೂತಿತು. ಹೋಗಿ ನಾಲ್ಕು ಮಾತು ಅಂದೇಬಿಡೋಣವೆಂದು ಝೆನೋನ್ ಬಾಗಿಲು ತೆಗೆದ.

ಹೊರಗೆ ಅವನ ಹೊಸ್ತಿಲವರೆಗೂ ಸಾಲು ನಿಂತಿತ್ತು. ಮೇಲಿನ ಬಾಗಿಲ ಬಳಿ ಲುಟ್ಸಿನಾ ಸ್ಟೂಲು ಹಾಕಿಕೊಂಡು ಎಕ್ಸ್‌ರೇ ಲಕೋಟೆ ತೊಡೆಯ ಮೇಲಿಟ್ಟು ಕೂತಿದ್ದಳು. ಅವಳ ಕೆಳಗೆ ಬ್ರೆಡ್ ಅಂಗಡಿಯವಳು, ಪಕ್ಕದ ಕಟ್ಟಡದವರು, ಯಾರ್ಯಾರೋ. ಪೂರ್ತಿ ಕೇಳುವ ಮನುಷ್ಯನೊಬ್ಬ ಸಿಕ್ಕಿದ್ದಾನೆಂಬ ಸುದ್ದಿ ಅಷ್ಟರಲ್ಲಿ ಬೀದಿಯೆಲ್ಲ ಹರಡಿತ್ತು.

"ಸ್ವಲ್ಪ ದಾರಿ ಬಿಡ್ರಪ್ಪಾ. ಅವನು ನನ್ನ ಗೆಳೆಯ" ಎಂದ ಝೆನೋನ್.

"ಎಲ್ರಿಗೂ ಗೆಳೆಯಾನೇ ಕಣ್ರೀ. ಸಾಲಲ್ಲಿ ಬನ್ನಿ!" ಎಂದು ಮೇಲಿನಿಂದ ಕೆಳಗಿನವರೆಗೂ ಎಲ್ಲರೂ ರೇಗಿದರು.

ಝೆನೋನ್ ತನ್ನ ಬಾಗಿಲು ಎಳೆದುಕೊಂಡ. ತನ್ನ ಒಬ್ಬನೇ ಗೆಳೆಯನನ್ನು ಊರೆಲ್ಲ ಹಂಚಿಕೊಂಡಿತು ಎಂಬ ಸಂಕಟವನ್ನು ಯಾರಿಗಾದರೂ ಹೇಳಿಕೊಳ್ಳದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ. ಅದನ್ನು ಕೊನೆಯವರೆಗೂ ಕೇಳುವವನು ಲುಬ್ಲಿನ್‌ನಲ್ಲಿ ಒಬ್ಬನೇ ಇದ್ದ.

"ಕೊನೇಲಿರೋರು ಯಾರು?" ಎಂದು ಕೇಳಿದ.

"ನಾನು" ಎಂದ ವಿಟೋಲ್ಡ್, ಟೋಪಿ ಸರಿಮಾಡಿಕೊಳ್ಳುತ್ತಾ. "ಒಂದು ಕುರ್ಚಿ ತಂದುಕೋ. ನಂದು ಸ್ವಲ್ಪ ಉದ್ದ ಇದೆ."